ಗ್ಲ್ಯಾಡ್‌ಸ್ಟನ್ ಲೈಬ್ರರಿ: ಪ್ರಧಾನಿಯ ಪುಸ್ತಕಗಳ ನಡುವೆ ಉಳಿದು ಬರುವವರಿಗೆ

ಮೊದಲೇ ಹೇಳಿಬಿಡುತ್ತೇನೆ, ಇದು ಮ್ಯೂಸಿಯಂ ಅಲ್ಲ. ಹಳೇ ಪ್ರಧಾನಿಯೊಬ್ಬನ ಕೋಟು, ಟೋಪಿ, ಕೂರುತ್ತಿದ್ದ ಕುರ್ಚಿ ಎಲ್ಲ ಗಾಜಿನ ಹಿಂದೆ ಇಟ್ಟಿರುತ್ತಾರೆ, ಒಂದು ಸುತ್ತು ಹಾಕಿ ಫೋಟೋ ತೆಗೆದುಕೊಂಡು ಬರೋಣ ಅಂದುಕೊಂಡವರು ಬೇರೆ ಕಡೆ ಹೋಗುವುದು ಒಳ್ಳೆಯದು. ವೇಲ್ಸ್‌ನ ಫ್ಲಿಂಟ್‌ಶೈರ್‌ನಲ್ಲಿರುವ ಗ್ಲ್ಯಾಡ್‌ಸ್ಟನ್ ಲೈಬ್ರರಿ ಓದುವವರ ಜಾಗ. ಉಳಿಯಲು ಕೋಣೆ ಕೊಡುತ್ತಾರೆ, ಊಟ ತಿಂಡಿ ಸಿಗುತ್ತದೆ, ಮಿಕ್ಕ ಹೊತ್ತು ನಿಮ್ಮನ್ನು ನಿಮ್ಮ ಪಾಡಿಗೆ ಬಿಟ್ಟುಬಿಡುತ್ತಾರೆ. ನನಗೆ ಬೇಕಿದ್ದದ್ದೂ ಅದೇ. ಬ್ರಿಟನ್ನಿನ ಲಿಬರಲ್ ರಾಜಕಾರಣದ ಬಗ್ಗೆ ಓದುವ ಹುಚ್ಚು ನನಗೆ ಹಳೆಯದು. ಅದರಲ್ಲೂ ಗ್ಲ್ಯಾಡ್‌ಸ್ಟನ್ ಅನ್ನುವ ಈ ಒಬ್ಬ ಮನುಷ್ಯ ಅಷ್ಟು ವರ್ಷ ಅಧಿಕಾರದ ಹತ್ತಿರ ಹೇಗೆ ಉಳಿದುಕೊಂಡ ಅನ್ನುವ ಕುತೂಹಲ ಬೇರೆ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ವಿಲಿಯಂ ಎವರ್ಟ್ ಗ್ಲ್ಯಾಡ್‌ಸ್ಟನ್ ಹುಟ್ಟಿದ್ದು 1809ರಲ್ಲಿ, ಲಿವರ್‌ಪೂಲ್‌ನಲ್ಲಿ, ದುಡ್ಡಿದ್ದ ವ್ಯಾಪಾರಿಯ ಮನೆಯಲ್ಲಿ. 1832ರಲ್ಲಿ ಪಾರ್ಲಿಮೆಂಟಿಗೆ ಹೋದವನು ಹೊರಗೆ ಬಂದದ್ದು 1895ರಲ್ಲಿ. ನಡುವೆ ಒಂದೂವರೆ ವರ್ಷ ಮಾತ್ರ ಸೀಟು ಇರಲಿಲ್ಲ. ನಾಲ್ಕು ಸಲ ಹಣಕಾಸು ಮಂತ್ರಿ, ನಾಲ್ಕು ಸಲ ಪ್ರಧಾನಿ. ಕೊನೆಯ ಸಲ ರಾಜೀನಾಮೆ ಕೊಟ್ಟಾಗ ವಯಸ್ಸು 84. ಶುರು ಮಾಡಿದ್ದು ಕಟ್ಟಾ ಟೋರಿಯಾಗಿ (ಅಂದರೆ ಸಂಪ್ರದಾಯವಾದಿ ಪಕ್ಷದವನಾಗಿ), ಮುಗಿಸಿದ್ದು ಲಿಬರಲ್ ಪಕ್ಷದ ದೊಡ್ಡ ಮುದುಕನಾಗಿ. ಪಕ್ಷ ಬದಲಿಸುವವರು ಎಲ್ಲ ಕಾಲದಲ್ಲೂ ಇದ್ದಾರೆ ಬಿಡಿ, ಅದೇನು ಹೊಸದಲ್ಲ. ಆದರೆ ಈತನ ವಿಷಯದಲ್ಲಿ ಪಕ್ಷಕ್ಕಿಂತ ಮೊದಲು ತಲೆ ಬದಲಾಯಿತು, ಅದೂ ನಿಧಾನಕ್ಕೆ, ಒದ್ದಾಡಿಕೊಂಡು. ಆ ಒದ್ದಾಟದ ಗುರುತು ನೋಡಬೇಕು ಅಂದರೆ ಲಂಡನ್ನಿನ ಪ್ರತಿಮೆಗಳಿಗಿಂತ ಈ ಲೈಬ್ರರಿಯೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಹೋಗುವುದು ಹೇಗೆ ಅಂತ ಮೊದಲು ನೋಡೋಣ. ಊರಿನ ಹೆಸರು ಬರೆಯುವುದು Hawarden ಅಂತ, ಬಾಯಲ್ಲಿ ‘ಹಾರ್ಡನ್’ ಅನ್ನಿ, ಬಸ್ಸಿನ ಡ್ರೈವರಿಗೆ ಅರ್ಥವಾಗುತ್ತದೆ. ಇಂಗ್ಲೆಂಡಿನ ಗಡಿಯಲ್ಲಿರುವ ಚೆಸ್ಟರ್‌ನಿಂದ ಬಸ್ಸಿದೆ, ಆರೇಳು ಮೈಲಿ ದೂರ. ರೈಲಾದರೆ ರೆಕ್ಸಮ್ ಮತ್ತು ಬಿಡ್‌ಸ್ಟನ್ ನಡುವೆ ಓಡುವ ಲೈನಿನಲ್ಲಿ ಹಾರ್ಡನ್ ಸ್ಟೇಷನ್ನಿನಲ್ಲಿ ಇಳಿದು ನಡೆದೇ ಹೋಗಬಹುದು. ಸಣ್ಣ ಸಣ್ಣ ಸ್ಟೇಷನ್ನಿಗೆಲ್ಲ ನಿಲ್ಲುವ ರೈಲು ಅದು. ಅದರಲ್ಲಿ ಕೂತಾಗ ನೆನಪಾಗಬೇಕಾದ ಒಂದು ಕಾನೂನಿದೆ, ಅದು ಗ್ಲ್ಯಾಡ್‌ಸ್ಟನ್ ಇನ್ನೂ ಟೋರಿ ಸರ್ಕಾರದಲ್ಲಿ ವ್ಯಾಪಾರದ ಖಾತೆ ನೋಡಿಕೊಳ್ಳುತ್ತಿದ್ದಾಗ, 1844ರಲ್ಲಿ ಬಂದದ್ದು. ಅಲ್ಲಿಯವರೆಗೆ ಬಡವರನ್ನು ಚಾವಣಿಯೇ ಇಲ್ಲದ ಬೋಗಿಗಳಲ್ಲಿ ತುಂಬಿಕೊಂಡು ಹೋಗುವುದು ಮಾಮೂಲಿಯಾಗಿತ್ತು. ದಿನಕ್ಕೆ ಒಂದು ರೈಲಾದರೂ ಎಲ್ಲ ಸ್ಟೇಷನ್ನಿಗೆ ನಿಲ್ಲಬೇಕು, ಗಂಟೆಗೆ 12 ಮೈಲಿಗಿಂತ ನಿಧಾನ ಹೋಗಬಾರದು, ಮಳೆ ಗಾಳಿ ಬಡಿಯದ ಹಾಗೆ ಬೋಗಿ ಇರಬೇಕು, ಮೈಲಿಗೆ ಒಂದು ಪೆನ್ನಿಗಿಂತ ಜಾಸ್ತಿ ಕೇಳಬಾರದು ಅಂತ ಹೊಸ ಕಂಪನಿಗಳಿಗೆ ಷರತ್ತು ಬಿತ್ತು. ಲಿಬರಲ್ ಆಗುವುದಕ್ಕೆ ಹದಿನೈದು ವರ್ಷ ಮೊದಲು ಮಾಡಿದ ಕೆಲಸ ಇದು!

ಕಟ್ಟಡ ಚೆನ್ನಾಗಿದೆ. ಕೆಂಪು ಮರಳುಗಲ್ಲಿನದು, ಚೆಸ್ಟರ್‌ನ ಜಾನ್ ಡಗ್ಲಸ್ ವಿನ್ಯಾಸ. ಓದುವ ಭಾಗ ತೆರೆದದ್ದು 1902ರಲ್ಲಿ, ಉಳಿಯುವ ಭಾಗ 1906ರಲ್ಲಿ. ಅಂದರೆ ಇದನ್ನು ಗ್ಲ್ಯಾಡ್‌ಸ್ಟನ್ ನೋಡಲೇ ಇಲ್ಲ, 1898ರಲ್ಲೇ ತೀರಿಕೊಂಡಿದ್ದ. ಆತ ಕಟ್ಟಿಸಿದ್ದು ತಗಡಿನ ಕಟ್ಟಡ, ತಾತ್ಕಾಲಿಕವಾಗಿ. ಎಂಬತ್ತರ ಮುದುಕ ತನ್ನ ಮನೆಯಾದ ಹಾರ್ಡನ್ ಕಾಸಲ್‌ನಿಂದ ಪುಸ್ತಕಗಳನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು, ಮಗಳು ಮೇರಿ ಮತ್ತು ಮನೆಯ ಆಳಿನ ಜೊತೆ ಸೇರಿ ಇಲ್ಲಿಗೆ ಸಾಗಿಸಿದ. ಸುಮಾರು 32,000 ಪುಸ್ತಕ, ಮೇಲೆ 40,000 ಪೌಂಡ್ ಇಡುಗಂಟು. ಓದುಗರಿಲ್ಲದ ಪುಸ್ತಕಗಳನ್ನೂ ಪುಸ್ತಕವಿಲ್ಲದ ಓದುಗರನ್ನೂ ಒಂದು ಕಡೆ ಸೇರಿಸುವುದು ಹೇಗೆ ಅಂತ ಅಪ್ಪ ಯೋಚಿಸುತ್ತಿದ್ದ ಅನ್ನುವುದು ಮೇರಿಯ ಮಾತು. ಆತ ಸತ್ತ ಮೇಲೆ ಜನ ಕೊಟ್ಟ ಚಂದಾ ಹಣದಲ್ಲಿ ಈಗಿನ ಕಟ್ಟಡ ಎದ್ದಿತು. ಮೊದಲು ಸೇಂಟ್ ಡೈನಿಯಲ್ ಲೈಬ್ರರಿ ಅನ್ನುತ್ತಿದ್ದರು, 2010ರಲ್ಲಿ ಹೆಸರು ಬದಲಾಯಿತು. ಹಳೇ ಗೈಡುಗಳಲ್ಲಿ ಹುಡುಕುವವರು ಗಮನಿಸಿ.

ಈಗ ಓದುವ ಕೋಣೆಗೆ ಬರೋಣ, ಏಕೆಂದರೆ ದುಡ್ಡು ಕೊಟ್ಟು ಹೋಗುವುದು ಇದಕ್ಕೇ. ಎರಡು ಅಂತಸ್ತು, ಮೇಲೆ ಸುತ್ತಲೂ ಮರದ ಗ್ಯಾಲರಿ, ಕೆತ್ತನೆ ಮಾಡಿದ ಮರದ ಕಂಬಗಳು. ಕಪಾಟುಗಳು ಗೋಡೆಗೆ ಅಂಟಿಕೊಂಡಿಲ್ಲ, ಗೋಡೆಯಿಂದ ಅಡ್ಡಡ್ಡಕ್ಕೆ ಹೊರಗೆ ಚಾಚಿಕೊಂಡಿವೆ. ಎರಡು ಕಪಾಟಿನ ನಡುವೆ ಒಂದು ಮೇಜು, ಕಿಟಕಿಯ ಬೆಳಕು. ಕಪಾಟು ಹೀಗೇ ಇರಬೇಕು ಅನ್ನುವುದು ಗ್ಲ್ಯಾಡ್‌ಸ್ಟನ್‌ನದೇ ಹಟ. ಪುಸ್ತಕ ಜೋಡಿಸುವ ಬಗ್ಗೆ 1890ರಲ್ಲಿ ಒಂದು ಲೇಖನವನ್ನೇ ಬರೆದಿದ್ದಾನೆ, ಒಂದು ಕೋಣೆಯಲ್ಲಿ ಎಷ್ಟು ಸಾವಿರ ಪುಸ್ತಕ ಹಿಡಿಸಬಹುದು ಅಂತ ಅಡಿ ಅಡಿಯಾಗಿ ಲೆಕ್ಕ ಹಾಕಿ. ಬಜೆಟ್ ಮಂಡಿಸಿ ಮಂಡಿಸಿ ಬಂದ ಅಭ್ಯಾಸ ಇರಬೇಕು. (1853ರ ಬಜೆಟ್ ಭಾಷಣ ನಾಲ್ಕೂಮುಕ್ಕಾಲು ಗಂಟೆ. ಕೂತು ಕೇಳಿದವರಿಗೆ ನಮಸ್ಕಾರ.)

ಅಲ್ಲಿ ನಾನು ನೋಡಲೇಬೇಕು ಅಂದುಕೊಂಡು ಹೋದದ್ದು ಆತ ಗುರುತು ಹಾಕಿದ ಪುಸ್ತಕಗಳನ್ನು. ಗ್ರಂಥಾಲಯದವರನ್ನು ಕೇಳಿ, ತೋರಿಸುತ್ತಾರೆ. ಧರ್ಮದ ವಿಷಯದ ಒಂದು ದಪ್ಪ ಪುಸ್ತಕ ನನ್ನ ಮುಂದೆ ಬಂತು. ಅಂಚಿನಲ್ಲಿ ಸೀಸದ ಕಡ್ಡಿಯ ಸಣ್ಣ ಗೆರೆಗಳು, ಎಷ್ಟು ತೆಳು ಅಂದರೆ ಪುಟವನ್ನು ಬೆಳಕಿಗೆ ಸ್ವಲ್ಪ ಓರೆ ಮಾಡಬೇಕು. ಶಾಲೆಯ ಮೇಷ್ಟ್ರು ಉತ್ತರಪತ್ರಿಕೆ ತಿದ್ದಿದ ಹಾಗೆ ಪುಟ ಪುಟಕ್ಕೂ ಗುರುತು. ಒಪ್ಪಿಗೆಗೆ ಒಂದು, ಒಪ್ಪದ್ದಕ್ಕೆ ಇನ್ನೊಂದು, ಗಮನಿಸಬೇಕಾದ್ದಕ್ಕೆ ಮತ್ತೊಂದು. ಕೆಲವು ಕಡೆ ಮಾತ್ರ ‘ma’ (ಮಾ) ಅಂತ ಎರಡೇ ಇಂಗ್ಲಿಷ್ ಅಕ್ಷರ, ಇಟಾಲಿಯನ್‌ನಲ್ಲಿ ಹಾಗಂದರೆ ‘ಆದರೆ’. ಪೂರ್ತಿ ಒಪ್ಪುವುದಕ್ಕೂ ಆಗುತ್ತಿಲ್ಲ, ತಳ್ಳಿಹಾಕುವುದಕ್ಕೂ ಆಗುತ್ತಿಲ್ಲ ಅನ್ನುವ ಜಾಗ ಅದು. ನನಗೆ ಇಡೀ ರಾಜಕೀಯ ಜೀವನ ಆ ಎರಡು ಅಕ್ಷರದಲ್ಲಿ ಸಿಕ್ಕಿತು.

ಯಾಕೆ ಹಾಗೆ ಹೇಳುತ್ತೇನೆ ಅಂದರೆ, 1838ರಲ್ಲಿ ಈತ ಒಂದು ಪುಸ್ತಕ ಬರೆದ. ಸರ್ಕಾರಕ್ಕೆ ಒಂದು ಧರ್ಮಪ್ರಜ್ಞೆ ಇರಬೇಕು, ಅಧಿಕೃತ ಚರ್ಚನ್ನು (ಅಂದರೆ ಪ್ರಾಟೆಸ್ಟೆಂಟರ ಆಂಗ್ಲಿಕನ್ ಚರ್ಚನ್ನು) ಸರ್ಕಾರವೇ ಕಾಪಾಡಬೇಕು ಅನ್ನುವುದು ವಾದ. ಅದನ್ನು ವಿಮರ್ಶಿಸುತ್ತಾ ಮೆಕಾಲೆ, ಹೌದು ಅದೇ ಮೆಕಾಲೆ, ಬಾಗದ ಬಳುಕದ ಟೋರಿಗಳ ಮುಂದಿನ ಭರವಸೆ ಈ ಹುಡುಗ ಅಂತ ಕುಟುಕಿದ. 1845ರಲ್ಲಿ ಐರ್ಲೆಂಡಿನ ಮೇನೂತ್ ಊರಿನ ಕ್ಯಾಥೊಲಿಕ್ ಪಾದ್ರಿಗಳ ಕಾಲೇಜಿಗೆ ಸರ್ಕಾರ ಅನುದಾನ ಹೆಚ್ಚಿಸಿದಾಗ ಈತ ಮಂತ್ರಿ ಪದವಿ ಬಿಟ್ಟ. ತಮಾಷೆ ಏನಪ್ಪಾ ಅಂದರೆ, ಅನುದಾನ ಕೊಡುವುದು ಸರಿ ಅಂತ ಆ ಹೊತ್ತಿಗೆ ಆತನಿಗೇ ಅನ್ನಿಸಿತ್ತು. ಆದರೆ ತಾನು ಮೊದಲು ಬರೆದದ್ದಕ್ಕೆ ಅದು ಹೊಂದುವುದಿಲ್ಲ, ಹಾಗಾಗಿ ಕುರ್ಚಿ ಬಿಡುತ್ತೇನೆ, ವೋಟು ಮಾತ್ರ ಅನುದಾನದ ಪರವಾಗಿಯೇ ಹಾಕುತ್ತೇನೆ ಅಂದ. ಜೊತೆಯಲ್ಲಿದ್ದವರಿಗೇ ತಲೆಬುಡ ಅರ್ಥವಾಗಲಿಲ್ಲ. ಅದೇ ಮನುಷ್ಯ 1869ರಲ್ಲಿ ಪ್ರಧಾನಿಯಾಗಿ ಐರ್ಲೆಂಡಿನಲ್ಲಿ ಸರ್ಕಾರಕ್ಕೂ ಚರ್ಚಿಗೂ ಇದ್ದ ಗಂಟನ್ನೇ ಬಿಚ್ಚಿಹಾಕಿದ. ಮೂವತ್ತು ವರ್ಷದಲ್ಲಿ ತನ್ನದೇ ಪುಸ್ತಕವನ್ನು ತಾನೇ ಕಾನೂನು ಮಾಡಿ ರದ್ದುಮಾಡಿದ ಅಂತ ಬೇಕಾದರೆ ಹೇಳಿ.

1868ರಿಂದ 1874ರ ಮೊದಲ ಸರ್ಕಾರವೇ ಆತನ ಒಳ್ಳೆಯ ಕಾಲ ಅಂತ ನನಗನ್ನಿಸುತ್ತದೆ. 1870ರ ಶಿಕ್ಷಣ ಕಾನೂನು, ಸಿವಿಲ್ ಸರ್ವೀಸಿಗೆ ವಶೀಲಿ ಬಿಟ್ಟು ಪರೀಕ್ಷೆ, ಸೈನ್ಯದಲ್ಲಿ ಆಫೀಸರ್ ಹುದ್ದೆಯನ್ನು ದುಡ್ಡಿಗೆ ಕೊಳ್ಳುವುದಕ್ಕೆ ತಡೆ, 1872ರಲ್ಲಿ ಗುಪ್ತ ಮತದಾನ. ಅದಕ್ಕೂ ಮೊದಲು ಜಮೀನ್ದಾರ ಎದುರಿಗೇ ನಿಂತಿರುವಾಗ ಯಾರಿಗೆ ವೋಟು ಅಂತ ಬಾಯಿಬಿಟ್ಟು ಹೇಳಬೇಕಿತ್ತು, ಊಹಿಸಿಕೊಳ್ಳಿ. ಪ್ರಧಾನಿಯಾಗುವ ಕರೆ ಬಂದಾಗ ಈತ ಇದೇ ಹಾರ್ಡನ್‌ನಲ್ಲಿ ಮರ ಕಡಿಯುತ್ತಿದ್ದ. ತಂತಿ ಓದಿ, ಕೊಡಲಿ ಕೆಳಗಿಟ್ಟು, ಐರ್ಲೆಂಡನ್ನು ಶಾಂತಗೊಳಿಸುವುದೇ ನನ್ನ ಕೆಲಸ ಅಂದನಂತೆ. ಮರ ಕಡಿಯುವುದು ಆತನ ವ್ಯಾಯಾಮ. ಗ್ಲ್ಯಾಡ್‌ಸ್ಟನ್‌ಗೆ ಬೆವರು ಬರಲಿ ಅಂತ ಕಾಡು ಅಳಬೇಕು ಅಂತ ಟೋರಿ ನಾಯಕ ರ್‍ಯಾಂಡಾಲ್ಫ್ ಚರ್ಚಿಲ್ ಗೇಲಿ ಮಾಡಿದ್ದ.

ಲಿಬರಲ್ ಅಂದ ಮಾತ್ರಕ್ಕೆ ಎಲ್ಲ ಸರಿ ಮಾಡಿದ ಅಂತಲ್ಲ. 1880ರಲ್ಲಿ ರಿಪ್ಪನ್ ಅವರನ್ನು ಭಾರತಕ್ಕೆ ವೈಸರಾಯ್ ಮಾಡಿ ಕಳಿಸಿದ್ದು ಈತನೇ, ಅದು ನಮಗೆ ಒಳ್ಳೆಯದಾಯಿತು ಅನ್ನಬಹುದು. ಆದರೆ ಸಾಮ್ರಾಜ್ಯದ ಆಸೆ ಬೇಡ ಅಂತ ಸ್ಕಾಟ್‌ಲೆಂಡಿನ ಮಿಡ್ಲೋಥಿಯನ್‌ನಲ್ಲಿ ಊರೂರು ಸುತ್ತಿ ಭಾಷಣ ಮಾಡಿ ಗೆದ್ದು ಬಂದವನ ಸರ್ಕಾರವೇ 1882ರಲ್ಲಿ ಅಲೆಕ್ಸಾಂಡ್ರಿಯಾದ ಮೇಲೆ ಗುಂಡಿನ ಮಳೆ ಸುರಿಸಿ ಈಜಿಪ್ಟನ್ನು ಹಿಡಿದುಕೊಂಡಿತು. 1885ರಲ್ಲಿ ಸುಡಾನಿನ ಖಾರ್ತೂಮ್‌ನಲ್ಲಿ ಸಿಕ್ಕಿಬಿದ್ದಿದ್ದ ಬ್ರಿಟಿಷ್ ಸೇನಾಧಿಕಾರಿ ಜನರಲ್ ಗಾರ್ಡನ್‌ಗೆ ನೆರವು ತಲುಪುವಷ್ಟರಲ್ಲಿ ಆತ ಸತ್ತಿದ್ದ, ಜನ ಪ್ರಧಾನಿಯನ್ನೇ ಕೊಲೆಗಾರ ಅಂತ ಬೈದರು. ಹೆಂಗಸರಿಗೆ ವೋಟು ಕೊಡುವ ಮಾತಿಗೆ ಮಾತ್ರ ಕೊನೆಯವರೆಗೂ ಇಲ್ಲವೆಂದೇ ಅಂದ. 1862ರಲ್ಲಿ ನ್ಯೂಕಾಸಲ್‌ನಲ್ಲಿ ಮಾತಾಡುತ್ತಾ ಅಮೆರಿಕದ ಗುಲಾಮಗಿರಿಯ ರಾಜ್ಯಗಳವರು ಒಂದು ದೇಶವನ್ನೇ ಕಟ್ಟಿದ್ದಾರೆ ಅಂದುಬಿಟ್ಟ. ಮುಪ್ಪಿನಲ್ಲಿ ಅದಕ್ಕೆ ಬಹಳ ಪಶ್ಚಾತ್ತಾಪ ಪಟ್ಟ, ನಿಜ.

ಗುಲಾಮಗಿರಿಯ ಮಾತು ಬಂದಾಗ ಈ ಜಾಗದ ಬಗ್ಗೆಯೂ ಹೇಳಲೇಬೇಕು. ಅಪ್ಪ ಜಾನ್ ಗ್ಲ್ಯಾಡ್‌ಸ್ಟನ್‌ಗೆ ಈಗಿನ ಗಯಾನಾದ ಡೆಮೆರಾರಾದಲ್ಲಿ ಕಬ್ಬಿನ ತೋಟಗಳಿದ್ದವು, ಅಲ್ಲಿ ದುಡಿಯುತ್ತಿದ್ದವರು ಗುಲಾಮರು. ಬ್ರಿಟನ್ ಗುಲಾಮಗಿರಿ ನಿಲ್ಲಿಸಿದಾಗ ಪರಿಹಾರ ಸಿಕ್ಕಿದ್ದು ಗುಲಾಮರಿಗಲ್ಲ, ಒಡೆಯರಿಗೆ. ಎರಡು ಸಾವಿರಕ್ಕೂ ಜಾಸ್ತಿ ಜನರ ಲೆಕ್ಕದಲ್ಲಿ ಜಾನ್‌ಗೆ ಒಂದು ಲಕ್ಷ ಪೌಂಡಿಗೂ ಮೇಲೆ ಬಂತು. ಮಗ ಪಾರ್ಲಿಮೆಂಟಿನಲ್ಲಿ 1833ರಲ್ಲಿ ಮಾಡಿದ ಮೊದಲ ದೊಡ್ಡ ಭಾಷಣವೇ ಅಪ್ಪನ ತೋಟದ ಸಮರ್ಥನೆ. ಇದನ್ನು ಮುಚ್ಚಿಟ್ಟು ಬರೀ ಮಹಾಪುರುಷ ಅಂತ ತೋರಿಸಿದ್ದರೆ ನಾನು ಒಂದೇ ಸ್ಟಾರ್ ಕೊಡುತ್ತಿದ್ದೆ. ಲೈಬ್ರರಿ ಹಾಗೆ ಮಾಡುವುದಿಲ್ಲ. 2020ರಲ್ಲಿ ಪ್ರತಿಮೆಗಳನ್ನು ತೆಗೆಯಿರಿ ಅನ್ನುವ ಗಲಾಟೆ ಎದ್ದಾಗಲೂ, ಜನ ಸರಿಯಾದ ಕ್ರಮದಲ್ಲಿ ತೀರ್ಮಾನಿಸಿದರೆ ಗ್ಲ್ಯಾಡ್‌ಸ್ಟನ್ ಪ್ರತಿಮೆ ತೆಗೆಯುವುದಕ್ಕೆ ಅಡ್ಡಿ ಇಲ್ಲ ಅನ್ನುವ ಧಾಟಿಯಲ್ಲೇ ಮಾತಾಡಿದರು. 2023ರಲ್ಲಿ ಆ ವಂಶದವರು ಗಯಾನಾಕ್ಕೆ ಹೋಗಿ ಕ್ಷಮೆ ಕೇಳಿ ಬಂದರು.

ಆ ಪ್ರತಿಮೆಯ ಕಥೆ ಇನ್ನೂ ಸ್ವಾರಸ್ಯ. ಲೈಬ್ರರಿಯ ಮುಂದೆಯೇ ಇದೆ, ಐರಿಷ್ ಶಿಲ್ಪಿ ಜಾನ್ ಹ್ಯೂಸ್ ಮಾಡಿದ್ದು. ಅದನ್ನು ಮಾಡಿಸಿದ್ದು ಡಬ್ಲಿನ್‌ಗಾಗಿ. ಅಲ್ಲಿಯ ಕಾರ್ಪೊರೇಷನ್ ಮಾತ್ರ, ನಮ್ಮ ಐರಿಷ್ ನಾಯಕ ಪಾರ್ನೆಲ್‌ಗೆ ಮೊದಲು ಪ್ರತಿಮೆ ಆಗಲಿ, ಅಲ್ಲಿಯವರೆಗೆ ಯಾವ ಇಂಗ್ಲಿಷಿನವನದೂ ಬೇಡ ಅಂತ 1898ರಲ್ಲೇ ಹೇಳಿಬಿಟ್ಟಿತು. ಕೊನೆಗೆ 1925ರಲ್ಲಿ ಇಲ್ಲಿ ತಂದು ನಿಲ್ಲಿಸಿದರು. ಐರ್ಲೆಂಡಿಗೆ ಸ್ವಂತ ಆಡಳಿತ ಕೊಡಿಸಲು ಪಕ್ಷವನ್ನೇ ಒಡೆದುಕೊಂಡವನು ಅಲ್ವಾ ಈತ. 1886ರ ಹೋಮ್ ರೂಲ್ ಮಸೂದೆ ಬಿದ್ದದ್ದು 30 ವೋಟಿನಲ್ಲಿ, 343ಕ್ಕೆ 313. ವಿರುದ್ಧ ಹಾಕಿದವರಲ್ಲಿ ತೊಂಬತ್ತಕ್ಕೂ ಜಾಸ್ತಿ ಜನ ಆತನದೇ ಪಕ್ಷದವರು. 83ನೇ ವಯಸ್ಸಿನಲ್ಲಿ, 1893ರಲ್ಲಿ, ಮತ್ತೆ ತಂದ. ಕೆಳಮನೆ ದಾಟಿಸಿದ, ಮೇಲ್ಮನೆ 419ಕ್ಕೆ 41 ವೋಟಿನಲ್ಲಿ ಎತ್ತಿ ಎಸೆಯಿತು. ಆ ವಯಸ್ಸಿನಲ್ಲಿ ಕಣ್ಣು ಮಂಜಾಗಿತ್ತು, ಕಿವಿಯೂ ಅಷ್ಟಕ್ಕಷ್ಟೆ. ಬೇರೆ ಯಾರಾದರೂ ಆಗಿದ್ದರೆ ಹತ್ತು ವರ್ಷ ಮೊದಲೇ ಮನೆ ಸೇರಿಕೊಳ್ಳುತ್ತಿದ್ದರು, ಪಕ್ಷಕ್ಕೂ ಅದೇ ಒಳ್ಳೆಯದಿತ್ತು ಅನ್ನುವವರಿದ್ದಾರೆ. ನನಗೆ ಅವರ ಮಾತಿನಲ್ಲೂ ಹುರುಳಿದೆ ಅನ್ನಿಸುತ್ತದೆ. ಒಡೆದ ಪಕ್ಷ ಇಪ್ಪತ್ತು ವರ್ಷದಲ್ಲಿ ಅಧಿಕಾರ ಕಂಡದ್ದು ಮೂರೇ ವರ್ಷ.

ಇನ್ನು ಉಳಿಯುವ ವಿಷಯ. 26 ಕೋಣೆ, ಸರಳವಾಗಿವೆ. ಟೀವಿ ಇಲ್ಲ, ಅದು ಕೊರತೆ ಅಲ್ಲ, ಬೇಕಂತಲೇ ಇಟ್ಟಿಲ್ಲ. ಕೋಣೆಗಿಂತ ಗ್ಲ್ಯಾಡ್‌ಸ್ಟನ್ ರೂಮ್ ಅನ್ನುವ ಹಜಾರ ನನಗೆ ಹಿಡಿಸಿತು, ಸೋಫಾಗಳು, ಬೆಂಕಿಗೂಡು, ಅಲ್ಲಿ ಮಾತಾಡಬಹುದು. ಓದುವ ಕೋಣೆಯಲ್ಲಿ ಪಿಸುಮಾತೂ ಇಲ್ಲ. ಕೀಬೋರ್ಡನ್ನು ಜೋರಾಗಿ ಕುಟ್ಟುವ ಅಭ್ಯಾಸ ಇದ್ದರೆ ತಲೆಗಳು ನಿಮ್ಮ ಕಡೆ ತಿರುಗುತ್ತವೆ. ಉಳಿದುಕೊಂಡವರಿಗೆ ಇರುವ ದೊಡ್ಡ ಲಾಭ ಅಂದರೆ ರಾತ್ರಿ ಊಟ ಮುಗಿಸಿಯೂ ಒಳಗೆ ಹೋಗಿ ಕೂರಬಹುದು. ದಿನದ ಮಟ್ಟಿಗೆ ಬರುವವರಿಗೆ ಆ ಭಾಗ್ಯವಿಲ್ಲ. ಸುಮ್ನೆ ಇಣುಕಿ ನೋಡಿ ಹೋಗುವವರಿಗೂ ಗೊತ್ತುಮಾಡಿದ ಹೊತ್ತಿನಲ್ಲಿ ಒಳಗೆ ಬಿಡುವ ವ್ಯವಸ್ಥೆ ಮಾಡುತ್ತಾರೆ, ಹೊರಡುವ ಮೊದಲು ವೆಬ್‌ಸೈಟಿನಲ್ಲಿ ಸಮಯ ನೋಡಿಕೊಳ್ಳಿ.

ಊಟಕ್ಕೆ ‘ಫುಡ್ ಫಾರ್ ಥಾಟ್’ ಅನ್ನುವ ಅವರದೇ ಕೆಫೆ. ಸೂಪು, ಬ್ರೆಡ್ಡು, ಕೇಕು, ಬಿಸಿ ಊಟ. ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ. ರುಚಿಯ ಬಗ್ಗೆ ಹಾಡಿ ಹೊಗಳುವಂಥದ್ದೇನಿಲ್ಲ, ಬೈಯುವಂಥದ್ದೂ ಇಲ್ಲ. ಆದರೆ ಟೇಬಲ್ಲಿನಲ್ಲಿ ಸಿಗುವ ಜನ! ಪಾದ್ರಿಗಳು, ಪಿಎಚ್‌ಡಿ ಮುಗಿಸಲಾರದೆ ಒದ್ದಾಡುತ್ತಿರುವವರು, ಕಾದಂಬರಿ ಬರೆಯಲು ಬಂದವರು. ನೀವೇನು ಓದುತ್ತಿದ್ದೀರಿ ಅನ್ನುವುದೇ ಇಲ್ಲಿಯ ಕುಶಲ ಪ್ರಶ್ನೆ. ಇದು ದತ್ತಿ ಸಂಸ್ಥೆ, ಕೋಣೆ ಬಾಡಿಗೆ, ಊಟ, ದಾನಗಳ ದುಡ್ಡಿನ ಮೇಲೆಯೇ ಬಹುಪಾಲು ನಡೆಯುವುದು. ಹಾಗಾಗಿ ಕಾಫಿಗೆ ಕೊಟ್ಟ ದುಡ್ಡು ಎಲ್ಲಿಗೆ ಹೋಯಿತು ಅಂತ ನನಗೆ ಬೇಜಾರಾಗಲಿಲ್ಲ.

ಪಕ್ಕದಲ್ಲೇ ಸೇಂಟ್ ಡೈನಿಯಲ್ ಚರ್ಚಿದೆ, ಹೋಗಿ ಬನ್ನಿ. ಚಿತ್ರಕಾರ ಬರ್ನ್-ಜೋನ್ಸ್ ವಿನ್ಯಾಸದ ಬಣ್ಣದ ಗಾಜಿನ ಕಿಟಕಿಗಳಿವೆ, ಗ್ಲ್ಯಾಡ್‌ಸ್ಟನ್ ಮತ್ತು ಹೆಂಡತಿ ಕ್ಯಾಥರೀನ್ ದೋಣಿಯಲ್ಲಿ ಮಲಗಿರುವ ಅಮೃತಶಿಲೆಯ ಸ್ಮಾರಕವಿದೆ. ಅವರನ್ನು ಹೂಳಿರುವುದು ಮಾತ್ರ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ. ಹಾರ್ಡನ್ ಕಾಸಲ್ ಈಗಲೂ ಮನೆತನದವರ ಮನೆ, ಒಳಗೆ ಬಿಡುತ್ತಾರೆ ಅಂದುಕೊಂಡು ಗೇಟಿನ ಹತ್ತಿರ ಹೋಗಬೇಡಿ. ಊರು ಒಂದು ಬೀದಿಯಷ್ಟು, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಸ್ಟಾರ್ ಕೇಳುವವರಿಗೆ: ಐದಕ್ಕೆ ನಾಲ್ಕು. ಒಂದು ಕಡಿಮೆ ಮಾಡಿದ್ದು ಯಾಕೆಂದರೆ, ಆತನ ಕಥೆ ಸ್ವಲ್ಪವೂ ಗೊತ್ತಿಲ್ಲದೆ ಬಂದವರಿಗೆ ಇದು ಒಂದು ಚಂದದ ಹಳೇ ಲೈಬ್ರರಿ ಅಷ್ಟೆ, ಅರ್ಧ ಸ್ವಾರಸ್ಯ ಕೈತಪ್ಪುತ್ತದೆ. ಬರುವ ಮೊದಲು ಒಂದು ಜೀವನಚರಿತ್ರೆ ಓದಿಕೊಳ್ಳಿ. ಇಲ್ಲಿಗೆ ಬಂದ ಮೇಲೆ ಆತನ ದಿನಚರಿಯ ಸಂಪುಟಗಳನ್ನು ತೆಗೆಯಿರಿ, 14 ಇವೆ, 1825ರಿಂದ 1896ರವರೆಗಿನದು. ಯಾರನ್ನು ಕಂಡೆ, ಯಾವ ಪತ್ರ ಬರೆದೆ, ಏನು ಓದಿದೆ, ಎಲ್ಲ ದಿನಾ ಬರೆದಿಟ್ಟಿದ್ದಾನೆ. ರಾತ್ರಿ ಲಂಡನ್ನಿನ ಬೀದಿಗಳಲ್ಲಿ ವೇಶ್ಯೆಯರನ್ನು ಮಾತಾಡಿಸಿ ಆ ಬದುಕಿನಿಂದ ಬಿಡಿಸಲು ಹೋಗುತ್ತಿದ್ದದ್ದೂ, ಅದರಿಂದ ತನ್ನ ಮನಸ್ಸೇ ಎಲ್ಲೆಲ್ಲಿ ಜಾರಿತು ಅನ್ನುವುದೂ ಅದರಲ್ಲಿದೆ. ಮುಖ್ಯಮಂತ್ರಿ, ಪ್ರಧಾನಿ ಯಾರಾದರೂ ಈಗ ಹೀಗೆ ಬರೆದಿಟ್ಟಾರೆಯೇ? ಒಂದು ಸಂಪುಟ ತೆರೆದು ಕೂತರೆ ಊಟದ ಹೊತ್ತು ತಪ್ಪುತ್ತದೆ.

ಜೊತೆಗೆ ಬಂದವರಿಗೆ ಓದುವ ಹುಚ್ಚಿಲ್ಲದಿದ್ದರೆ ಒತ್ತಾಯ ಮಾಡಬೇಡಿ. ಚೆಸ್ಟರ್‌ನಲ್ಲಿ ರೋಮನ್ನರ ಕಾಲದ ಕೋಟೆಗೋಡೆ ಇದೆ, ಮಹಡಿಯ ಮೇಲೆಲ್ಲ ಅಂಗಡಿಗಳಿರುವ ಹಳೇ ಬೀದಿಗಳಿವೆ, ಹಗಲು ಅಲ್ಲಿ ಸುತ್ತಿಕೊಂಡು ಸಂಜೆಯ ಬಸ್ಸಿಗೆ ಬಂದು ಸೇರಿಕೊಳ್ಳಲಿ.